ಮರುದಿನದ ಚರಿತ್ರೆ: ಸೈಕೆಡೆಲಿಕ್ ಅನುಭವದ ಅನಂತರದ ಚಿಕಿತ್ಸಕ ನೆರವು

ಇಪ್ಪತ್ತನೆಯ ಶತಮಾನದ ಮನೋವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಎಲ್‌ಎಸ್‌ಡಿ, ಮೆಸ್ಕಲಿನ್, ಸಿಲೊಸೈಬಿನ್ ಮೊದಲಾದ ವಸ್ತುಗಳನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಬಾಸೆಲ್ ನಗರದ ಸ್ಯಾಂಡೋಜ್ ಸಂಸ್ಥೆಯ ರಸಾಯನವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿಯನ್ನು ಮೊದಲು ತಯಾರಿಸಿದುದು, 1943ರ ಏಪ್ರಿಲ್‌ನಲ್ಲಿ ಅದರ ಮಾನಸಿಕ ಪರಿಣಾಮವನ್ನು ತಮ್ಮ ಮೇಲೆಯೇ ಕಂಡುಕೊಂಡುದು, 1947ರಲ್ಲಿ ಜ್ಯೂರಿಕ್‌ನ ಮನೋವೈದ್ಯ ವೆರ್ನರ್ ಸ್ಟೋಲ್ ಅದರ ಬಗೆಗಿನ ಮೊದಲ ವೈದ್ಯಕೀಯ ವರದಿಯನ್ನು ಪ್ರಕಟಿಸಿದುದು, 1960ರ ದಶಕದ ಯುವಜನರಲ್ಲಿ ಅದು ಹರಡಿದುದು, ಅನಂತರ ನಿಷೇಧಕ್ಕೊಳಗಾದುದು ಇವೆಲ್ಲವೂ ಪರಿಚಿತ ಸಂಗತಿಗಳೇ ಆಗಿವೆ. ಆದರೆ ಈ ಬರೆಹಗಳಲ್ಲಿ ಹೆಚ್ಚಿನವುಗಳ ಗಮನ ನೆಟ್ಟಿರುವುದು ವಸ್ತುವಿನ ಮೇಲೆ ಮತ್ತು ಅದನ್ನು ಸೇವಿಸಿದ ದಿನದ ಮೇಲೆ. ಸೇವಿಸಿದ ವ್ಯಕ್ತಿ ಮರುದಿನ ಎಲ್ಲಿಗೆ ಹೋದನು, ತಾನು ಕಂಡುದನ್ನು ಯಾರೊಡನೆ ಹೇಳಿಕೊಂಡನು, ಅದು ಅವನ ಮುಂದಿನ ಬದುಕಿನಲ್ಲಿ ಹೇಗೆ ಸೇರಿತು ಅಥವಾ ಸೇರದೆ ಉಳಿಯಿತು ಎಂಬ ಪ್ರಶ್ನೆಗಳಿಗೆ ದೊರೆತಿರುವ ಸ್ಥಾನ ಅಲ್ಪ.

ಪ್ರಸ್ತುತ ಪ್ರಬಂಧವು ಈ ಮರುದಿನದ ಚರಿತ್ರೆಯನ್ನು ಕೆಲವು ಆಯ್ದ ಸಂದರ್ಭಗಳ ಮೂಲಕ ಪರಿಶೀಲಿಸುತ್ತದೆ. ಇಂದು ಮನೋಚಿಕಿತ್ಸಕರು 'ಇಂಟಿಗ್ರೇಷನ್' ಎಂದು ಕರೆಯುವ ಈ ನೆರವನ್ನು ಇಲ್ಲಿ 'ಸಮನ್ವಯ' ಎಂಬ ಪದದಿಂದ ಸೂಚಿಸಲಾಗಿದೆ. ಅನುಭವದಲ್ಲಿ ಕಂಡುದನ್ನು ಅರ್ಥಮಾಡಿಕೊಂಡು, ಅದರಲ್ಲಿ ಉಪಯುಕ್ತವಾದುದನ್ನು ಬದುಕಿಗೆ ಮೈಗೂಡಿಸಿಕೊಳ್ಳಲು, ಭಯಾನಕವಾದುದರಿಂದ ಚೇತರಿಸಿಕೊಳ್ಳಲು ಕೊಡುವ ವ್ಯವಸ್ಥಿತ ಸಹಾಯ ಎಂಬುದು ಅದರ ಅರ್ಥ. ಇಂತಹ ಅನುಭವಗಳನ್ನು ಪಡೆದವರು ಹಲವೊಮ್ಮೆ ಅವನ್ನು ಧಾರ್ಮಿಕ ಭಾಷೆಯಲ್ಲಿ ವರ್ಣಿಸಿದ್ದಾರೆ. ಕನ್ನಡದಲ್ಲಿ ಅದಕ್ಕೆ 'ಅನುಭಾವ' ಎಂಬ ಪದ ಸಿದ್ಧವಾಗಿದೆಯಾದರೂ ವಚನ ಪರಂಪರೆಯಲ್ಲಿ ಅದಕ್ಕೆ ಸಾಧನೆಯ, ನಡೆನುಡಿಯ, ಶರಣ ಸಮೂಹದ ಹಿನ್ನೆಲೆಯಿದೆ. ಆದ್ದರಿಂದ ಇಲ್ಲಿ ಉದ್ದಕ್ಕೂ 'ಅನುಭವ' ಎಂಬ ಸಾಮಾನ್ಯ ಪದವನ್ನೇ ಬಳಸಲಾಗಿದೆ.

ಸಮುದಾಯದ ನೆಲೆ

ವೈದ್ಯರ ಕೈಗೆ ಬರುವ ಮುನ್ನ ಇಂತಹ ಸಸ್ಯಗಳು ಅಮೆರಿಕ ಖಂಡದ ಮೂಲನಿವಾಸಿ ಸಮುದಾಯಗಳ ಆಚರಣೆಯಲ್ಲಿದ್ದವು. ಪೆಯೋಟೆ ಎಂಬ ಕಳ್ಳಿಯನ್ನು ಪವಿತ್ರವೆಂದು ಸ್ವೀಕರಿಸುವ ನೇಟಿವ್ ಅಮೆರಿಕನ್ ಚರ್ಚ್ 1918ರಲ್ಲಿ ಒಕ್ಲಹೋಮಾದಲ್ಲಿ ನೋಂದಣಿಯಾಯಿತು. ಅದರ ಪ್ರಾರ್ಥನಾ ಕೂಟ ಸಂಜೆ ಆರಂಭವಾಗಿ ರಾತ್ರಿಯಿಡೀ ನಡೆಯುತ್ತದೆ. ನಸುಕಿನಲ್ಲಿ ಮಹಿಳೆಯೊಬ್ಬಳು ನೀರನ್ನು ತಂದು ಪ್ರಾರ್ಥಿಸುತ್ತಾಳೆ. ಬಳಿಕ ಜೋಳ, ಹಣ್ಣು, ಮಾಂಸ ಇವುಗಳನ್ನು ಎಲ್ಲರೂ ಹಂಚಿಕೊಂಡು ಉಣ್ಣುತ್ತಾರೆ. ಕೂಟ ಮುಗಿದ ಮೇಲೂ ಜನ ಜೊತೆಯಲ್ಲಿಯೇ ಉಳಿದು ಮಾತನಾಡುತ್ತಾರೆ. ಇಲ್ಲಿ ಸಮನ್ವಯಕ್ಕೆ ಪ್ರತ್ಯೇಕವಾದ ಹೆಸರಿಲ್ಲ. ರಾತ್ರಿ ಜೊತೆಗಿದ್ದವರೇ ಬೆಳಿಗ್ಗೆಯೂ ಜೊತೆಗಿರುತ್ತಾರೆ, ಅವರೇ ಮರುವಾರದ ನೆರೆಹೊರೆಯವರೂ ಆಗಿರುತ್ತಾರೆ ಎಂಬ ಸಾಮಾಜಿಕ ಸ್ಥಿತಿಯೇ ಆ ಕಾರ್ಯವನ್ನು ನಿರ್ವಹಿಸುತ್ತದೆ.

ಈ ನೆಲೆ ತಪ್ಪಿದಾಗ ಆಗುವ ಪರಿಣಾಮಕ್ಕೆ ಮೆಕ್ಸಿಕೋದ ಒವಾಹಾಕ ಪ್ರಾಂತದ ಹುವಾಟ್ಲ ಎಂಬ ಮಸಟೆಕ್ ಊರು ಉದಾಹರಣೆಯಾಗಿದೆ. ಅಲ್ಲಿನ ವೈದ್ಯೆ ಮರಿಯಾ ಸಬೀನಾ ಅಣಬೆಗಳ ರಾತ್ರಿಯಾಚರಣೆಯನ್ನು ನಡೆಸುತ್ತಿದ್ದುದು ರೋಗಿಗಳಿಗಾಗಿ. 1955ರ ಜೂನ್‌ನಲ್ಲಿ ನ್ಯೂಯಾರ್ಕಿನ ಬ್ಯಾಂಕ್ ಅಧಿಕಾರಿ ಗಾರ್ಡನ್ ವಾಸನ್ ಅದರಲ್ಲಿ ಪಾಲ್ಗೊಂಡು, 1957ರ ಮೇ ತಿಂಗಳಲ್ಲಿ 'ಲೈಫ್' ಪತ್ರಿಕೆಯಲ್ಲಿ ಲೇಖನ ಬರೆದರು. ಮುಂದಿನ ವರ್ಷಗಳಲ್ಲಿ ಹೊರಗಿನ ಯುವಕರು ಅಲ್ಲಿಗೆ ಗುಂಪುಗುಂಪಾಗಿ ಬಂದರು. ಯಾವ ಕಾಯಿಲೆಯೂ ಇಲ್ಲದೆ ಕೇವಲ ದೇವರನ್ನು ಕಾಣಬೇಕೆಂದು ಬಂದವರು ಇವರೇ ಮೊದಲಿಗರೆಂದೂ, ಆಮೇಲೆ ಅಣಬೆಗಳ ಶಕ್ತಿ ಕುಂದಿತೆಂದೂ ಮರಿಯಾ ಸಬೀನಾ ತಮ್ಮ ಕೊನೆಗಾಲದಲ್ಲಿ ಹೇಳಿಕೊಂಡರು. ಬಂದವರು ಅನುಭವವನ್ನು ಹೊತ್ತುಕೊಂಡು ಹೋದರು. ಅದಕ್ಕೆ ಅರ್ಥ ಕೊಡುತ್ತಿದ್ದ ಊರು, ಭಾಷೆ, ಸಂಬಂಧಗಳು ಅವರೊಡನೆ ಹೋಗಲಿಲ್ಲ.

ಆಸ್ಪತ್ರೆಯ ನೆಲೆ: ಪೋವಿಕ್ ಮತ್ತು ಸಸ್ಕಾಚವಾನ್

ಇಂಗ್ಲೆಂಡಿನ ವೂಸ್ಟರ್‌ಷೈರ್‌ನ ಪೋವಿಕ್ ಮಾನಸಿಕ ಆಸ್ಪತ್ರೆಯ ವೈದ್ಯ ರೊನಾಲ್ಡ್ ಸ್ಯಾಂಡಿಸನ್ 1952ರಲ್ಲಿ ಸ್ಯಾಂಡೋಜ್ ಸಂಸ್ಥೆಗೆ ಭೇಟಿಯಿತ್ತು ಎಲ್‌ಎಸ್‌ಡಿಯನ್ನು ತಂದರು. 1954ರಲ್ಲಿ ಅವರು ಸಹೋದ್ಯೋಗಿಗಳೊಡನೆ 36 ರೋಗಿಗಳ ಚಿಕಿತ್ಸೆಯ ವರದಿಯನ್ನು ಪ್ರಕಟಿಸಿದರು. 1955ರಲ್ಲಿ ಈ ಚಿಕಿತ್ಸೆಗೆಂದೇ ಆಸ್ಪತ್ರೆಯಲ್ಲಿ ಪ್ರತ್ಯೇಕ ಘಟಕ ತೆರೆಯಿತು. ಯೂಂಗ್‌ನ ಮನೋವಿಶ್ಲೇಷಣೆಯ ಪ್ರಭಾವಕ್ಕೆ ಒಳಗಾಗಿದ್ದ ಸ್ಯಾಂಡಿಸನ್ ಅವರ ದೃಷ್ಟಿಯಲ್ಲಿ ಎಲ್‌ಎಸ್‌ಡಿಯು ತಾನೇ ಔಷಧಿಯಲ್ಲ. ಮರೆತ ನೆನಪುಗಳನ್ನು, ಪ್ರತಿಮೆಗಳನ್ನು ಮೇಲಕ್ಕೆ ತರುವ ಸಾಧನ ಮಾತ್ರ. ಹಾಗೆ ಮೇಲೆ ಬಂದುದನ್ನು ರೋಗಿಗಳು ಚಿತ್ರಿಸುವುದು, ಬರೆಯುವುದು, ಗುಂಪಿನಲ್ಲಿ ಕುಳಿತು ಚರ್ಚಿಸುವುದು ಚಿಕಿತ್ಸೆಯ ಭಾಗವಾಗಿದ್ದವು. ಅಲ್ಪ ಪ್ರಮಾಣವನ್ನು ಹಲವು ಬಾರಿ ಕೊಟ್ಟು, ನಡುವೆ ಮನೋವಿಶ್ಲೇಷಣೆ ಮುಂದುವರಿಸುವ ಈ ಕ್ರಮಕ್ಕೆ 'ಸೈಕೊಲಿಟಿಕ್' ಎಂಬ ಹೆಸರು ಬಂದಿತು. ಈ ಪದ್ಧತಿಯಲ್ಲಿ ಅನಂತರದ ನೆರವು ಪ್ರತ್ಯೇಕ ಹಂತವಾಗಿರಲಿಲ್ಲ. ರೋಗಿ ಮುಂದಿನ ವಾರ ಮತ್ತೆ ಅದೇ ವೈದ್ಯರ ಬಳಿಗೆ ಬರುವುದು ನಿಶ್ಚಿತವಾಗಿದ್ದುದರಿಂದ ಅದು ಪದ್ಧತಿಯಲ್ಲೇ ಅಡಕವಾಗಿತ್ತು.

ಪೋವಿಕ್‌ನ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಸ್ಯಾಂಡಿಸನ್ 1964ರಲ್ಲಿ ಆ ಆಸ್ಪತ್ರೆಯನ್ನು ಬಿಟ್ಟರು. ಅಲ್ಲಿ ಎಲ್‌ಎಸ್‌ಡಿ ಪಡೆದಿದ್ದ ಹಲವರು ದಶಕಗಳ ಬಳಿಕ ತಮಗೆ ಅದರಿಂದ ಹಾನಿಯಾಯಿತೆಂದು ದಾವೆ ಹೂಡಿದರು. 2002ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು 43 ಮಂದಿ ಹಿಂದಿನ ರೋಗಿಗಳಿಗೆ ಒಟ್ಟು 1,95,000 ಪೌಂಡ್‌ಗಳನ್ನು ನ್ಯಾಯಾಲಯದ ಹೊರಗಿನ ಒಪ್ಪಂದದಂತೆ ನೀಡಲು ಸಮ್ಮತಿಸಿತು. ಗುಂಪು ಚರ್ಚೆ, ಚಿತ್ರಕಲೆಗಳಿಂದ ಕೂಡಿದ್ದ, ಆ ಕಾಲಕ್ಕೆ ಮಾದರಿಯೆನಿಸಿದ್ದ ಘಟಕದಲ್ಲಿಯೂ ಮರುದಿನದ ಲೆಕ್ಕ ಪೂರ್ತಿಯಾಗಿರಲಿಲ್ಲ ಎಂಬುದನ್ನು ಈ ಒಪ್ಪಂದ ಸೂಚಿಸುತ್ತದೆ. ಚಿಕಿತ್ಸೆಯ ಅವಧಿ ಮುಗಿದ ಮೇಲೆ ರೋಗಿಯ ಹೊಣೆ ಯಾರದೆಂಬುದು ಅಂದು ಯಾರೂ ಬಿಡಿಸಿ ಕೇಳದ ಪ್ರಶ್ನೆಯಾಗಿತ್ತು.

ಕೆನಡಾದ ಸಸ್ಕಾಚವಾನ್ ಪ್ರಾಂತದಲ್ಲಿ ಹಂಫ್ರಿ ಆಸ್ಮಂಡ್, ಏಬ್ರಂ ಹಾಫರ್ ಮತ್ತು ಅವರ ಸಂಗಡಿಗರು ಬೇರೊಂದು ಮಾರ್ಗವನ್ನು ಹಿಡಿದರು. 'ಮನಸ್ಸನ್ನು ತೋರಗೊಡುವ' ಎಂಬ ಅರ್ಥದ ಗ್ರೀಕ್ ಧಾತುಗಳಿಂದ ಆಸ್ಮಂಡ್ 1956ರಲ್ಲಿ 'ಸೈಕೆಡೆಲಿಕ್' ಪದವನ್ನು ರಚಿಸಿದರು. 1957ರಲ್ಲಿ ಅದು ವಿದ್ವತ್ಸಭೆಯ ಮುಂದೆ ಬಂದಿತು. ಒಮ್ಮೆ ಅಥವಾ ಕೆಲವೇ ಬಾರಿ ಹೆಚ್ಚಿನ ಪ್ರಮಾಣ ಕೊಟ್ಟು, ಮದ್ಯವ್ಯಸನಿಯ ಬದುಕಿನ ದಿಕ್ಕನ್ನೇ ತಿರುಗಿಸಬಲ್ಲ ಅನುಭವವನ್ನು ಉಂಟುಮಾಡುವುದು ಅವರ ಉದ್ದೇಶ. 1956ರ ಅಕ್ಟೋಬರ್‌ನಲ್ಲಿ ಆಸ್ಮಂಡ್, ಹಾಫರ್ ಮೊದಲಾದವರು ಅದೇ ಪ್ರಾಂತದಲ್ಲಿ ನಡೆದ ನೇಟಿವ್ ಅಮೆರಿಕನ್ ಚರ್ಚ್‌ನ ಕೂಟವೊಂದಕ್ಕೆ ಹಾಜರಾದುದು ಗಮನಾರ್ಹ. ಸಮುದಾಯದ ನೆಲೆಯನ್ನು ವೈದ್ಯರು ಕಣ್ಣಾರೆ ಕಂಡ ಸಂದರ್ಭವಿದು.

ಈ ಪ್ರಾಂತದ ದಾಖಲೆಗಳಲ್ಲಿ ಶುಶ್ರೂಷಕಿ ಕೇ ಪಾರ್ಲಿ ಅವರ ಬರೆಹಕ್ಕೆ ವಿಶೇಷ ಮಹತ್ವವಿದೆ. ಒಂದು ಕಾಲದಲ್ಲಿ ವೇಬರ್ನ್ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದು, ಅನಂತರ ಅಲ್ಲಿಯೇ ಶುಶ್ರೂಷಕಿಯಾದ ಅವರು, ಎಲ್‌ಎಸ್‌ಡಿ ಪಡೆಯುವ ರೋಗಿಗೆ ಆಸರೆಯಾಗುವ ಕ್ರಮವನ್ನು ಕುರಿತು 1964ರಲ್ಲಿ ಅಮೆರಿಕದ ಶುಶ್ರೂಷಾ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ವೈದ್ಯರ ವರದಿಗಳಲ್ಲಿ ಪ್ರಮಾಣ, ರೋಗನಿರ್ಣಯ, ಫಲಿತಾಂಶಗಳು ಎದ್ದು ಕಾಣುತ್ತಿದ್ದ ಕಾಲದಲ್ಲಿ, ರೋಗಿಯ ಪಕ್ಕದಲ್ಲಿ ಕುಳಿತವರ ಕೆಲಸವನ್ನು ವೃತ್ತಿಯ ವಿಷಯವಾಗಿ ಮಂಡಿಸಿದ ಬರೆಹವಿದು. ಪಕ್ಕದಲ್ಲಿ ಕುಳಿತಿರುವುದನ್ನು ಒಂದು ಕೌಶಲವೆಂದು ಗುರುತಿಸಿದವರಲ್ಲಿ ಶುಶ್ರೂಷಕಿಯರು ಮೊದಲ ಸಾಲಿನಲ್ಲಿದ್ದರೆಂಬುದನ್ನು ಚರಿತ್ರಕಾರರು ಮರೆಯಲಾಗದು.

ಎಣಿಕೆಗೆ ಬಾರದ ಅನುಭವಗಳು

ಅನಂತರದ ತೊಂದರೆಗಳನ್ನು ಎಣಿಸುವ ಪ್ರಯತ್ನ ನಡೆಯದೆ ಇರಲಿಲ್ಲ. ಲಾಸ್ ಏಂಜಲೀಸ್‌ನ ವೈದ್ಯ ಸಿಡ್ನಿ ಕೋಹೆನ್ 1960ರಲ್ಲಿ ಸಂಶೋಧಕರಿಂದ ಮಾಹಿತಿ ಸಂಗ್ರಹಿಸಿ, ಸುಮಾರು 5,000 ಜನರಿಗೆ 25,000 ಬಾರಿ ಎಲ್‌ಎಸ್‌ಡಿ ಅಥವಾ ಮೆಸ್ಕಲಿನ್ ಕೊಟ್ಟ ಪ್ರಯೋಗಗಳ ದುಷ್ಪರಿಣಾಮಗಳನ್ನು ಸಮೀಕ್ಷಿಸಿದರು. 48 ಗಂಟೆಗಳಿಗೂ ಮೀರಿದ ಬುದ್ಧಿಭ್ರಮಣೆ, ಆತ್ಮಹತ್ಯೆ ಮೊದಲಾದ ಗಂಭೀರ ಘಟನೆಗಳು ಅಪರೂಪವೆಂದು ಅದರಿಂದ ತಿಳಿದುಬಂದಿತು. ಆದರೆ ಇಂತಹ ಸಮೀಕ್ಷೆಯ ಜರಡಿಯಲ್ಲಿ ನಿಲ್ಲುವುದು ದೊಡ್ಡ ಅನಾಹುತಗಳು ಮಾತ್ರ. ಕಂಡುದರ ಅರ್ಥವೇನೆಂದು ತಿಳಿಯದೆ ತಿಂಗಳುಗಟ್ಟಲೆ ತೊಳಲಾಡುವವರು, ಮನೆಯವರಿಂದ ದೂರವಾದವರು, ನಂಬಿಕೆ ಕಳೆದುಕೊಂಡವರು ಅದರಲ್ಲಿ ಸಿಗುವುದಿಲ್ಲ. ಸಂಶೋಧಕರನ್ನು ಕೇಳಿ ಬರೆದ ಲೆಕ್ಕಕ್ಕೂ ರೋಗಿಗಳನ್ನು ಕೇಳಿ ಬರೆಯಬಹುದಾಗಿದ್ದ ಲೆಕ್ಕಕ್ಕೂ ಅಂತರವಿದ್ದೇ ಇರುತ್ತದೆ. ಮುಂದೆ ಕೋಹೆನ್ ಅವರೇ ಕೀತ್ ಡಿಟ್‌ಮನ್ ಅವರೊಡನೆ ದೀರ್ಘಕಾಲದ ತೊಂದರೆಗಳ ಬಗೆಗೆ ಎಚ್ಚರಿಕೆಯ ಲೇಖನಗಳನ್ನು ಬರೆದರು.

ದಾಖಲೆಯ ಈ ಕೊರತೆಗೆ 'ಗುಡ್ ಫ್ರೈಡೇ ಪ್ರಯೋಗ' ಸ್ಪಷ್ಟ ನಿದರ್ಶನ. 1962ರ ಏಪ್ರಿಲ್ 20ರಂದು ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್‌ನಲ್ಲಿ ವಾಲ್ಟರ್ ಪಾಂಕೆ 20 ಮಂದಿ ದೈವಶಾಸ್ತ್ರ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನರಿಗೆ ಸಿಲೊಸೈಬಿನ್, ಉಳಿದವರಿಗೆ ನಿಕೊಟಿನಿಕ್ ಆಮ್ಲ ಕೊಟ್ಟರು. ಸಿಲೊಸೈಬಿನ್ ಪಡೆದವರಲ್ಲಿ ಹೆಚ್ಚಿನವರಿಗೆ ಆಳವಾದ ಧಾರ್ಮಿಕ ಅನುಭವ ಆಯಿತೆಂಬ ಫಲಿತಾಂಶ ಪ್ರಸಿದ್ಧವಾಯಿತು. ಆರು ತಿಂಗಳ ಬಳಿಕವೂ ಪಾಂಕೆ ಅವರನ್ನು ವಿಚಾರಿಸಿದರೆಂಬುದು ಆ ಕಾಲಕ್ಕೆ ಮೆಚ್ಚತಕ್ಕ ವಿಷಯವೇ. ಆದರೆ ಸುಮಾರು ಕಾಲು ಶತಮಾನದ ಅನಂತರ ರಿಕ್ ಡೊಬ್ಲಿನ್ ಅವರಲ್ಲಿ 16 ಮಂದಿಯನ್ನು ಹುಡುಕಿ ಮಾತನಾಡಿಸಿ 1991ರಲ್ಲಿ ವರದಿ ಪ್ರಕಟಿಸಿದಾಗ ಎರಡು ಸಂಗತಿಗಳು ಹೊರಬಿದ್ದವು. ಮೊದಲನೆಯದಾಗಿ, ಸಿಲೊಸೈಬಿನ್ ಪಡೆದವರು ಆ ದಿನವನ್ನು ಬದುಕಿನ ಮಹತ್ವದ ದಿನವೆಂದು ಆಗಲೂ ನೆನೆಯುತ್ತಿದ್ದರು. ಆದರೆ ಅವರಲ್ಲಿ ಹೆಚ್ಚಿನವರು ಅಂದು ಕಠಿಣ ಭಯದ ಗಳಿಗೆಗಳನ್ನೂ ದಾಟಿದ್ದರು. ಎರಡನೆಯದಾಗಿ, ಒಬ್ಬ ವಿದ್ಯಾರ್ಥಿ ಅಂದು ತೀವ್ರವಾಗಿ ಕಳವಳಗೊಂಡು ಅವನಿಗೆ ಶಮನಕಾರಿ ಥೊರಾಜಿನ್ ಚುಚ್ಚುಮದ್ದು ಕೊಡಬೇಕಾಗಿ ಬಂದಿತ್ತು. ಪಾಂಕೆ ತಮ್ಮ ಪ್ರಬಂಧದಲ್ಲಿ ಇದನ್ನು ದಾಖಲಿಸಿರಲಿಲ್ಲ. ಒಂದು ವಾಕ್ಯದ ಈ ಲೋಪ ಸುಮಾರು ಮೂರು ದಶಕಗಳ ಕಾಲ ಪ್ರಯೋಗದ ಚರಿತ್ರೆಯನ್ನೇ ಬೇರೆಯಾಗಿ ತೋರಿಸಿತು. ಸಹಾಯ ಅತ್ಯಂತ ಅಗತ್ಯವಾಗಿದ್ದ ವ್ಯಕ್ತಿಯೇ ದಾಖಲೆಯಿಂದ ಕಣ್ಮರೆಯಾಗಿದ್ದನು.

ನಿಧಾನವಾಗಿ ಅರ್ಥವಾಗುವ ಅನುಭವಕ್ಕೆ ಇನ್ನೊಂದು ಸಾಕ್ಷಿಯಿದೆ. ಲೈಡನ್‌ನ ಮನೋವೈದ್ಯ ಯಾನ್ ಬಾಸ್ಟಿಯಾನ್ಸ್ ಅವರು ನಾಟ್ಸಿ ಶಿಬಿರಗಳಿಂದ ಬದುಕಿ ಬಂದವರಿಗೆ ಎಲ್‌ಎಸ್‌ಡಿ ಸಹಿತ ಮನೋಚಿಕಿತ್ಸೆ ಕೊಡುತ್ತಿದ್ದರು. 1961ರಲ್ಲಿ ಐಷ್‌ಮನ್ ವಿಚಾರಣೆಯಲ್ಲಿ ಸಾಕ್ಷಿ ಹೇಳುತ್ತಲೇ ಪ್ರಜ್ಞೆ ತಪ್ಪಿ ಬಿದ್ದ ಲೇಖಕ, 'ಕಟ್ಸೆಟ್ನಿಕ್' ಎಂಬ ಕಾವ್ಯನಾಮದ ಯೆಹಿಯೆಲ್ ಡಿ-ನೂರ್, 1976ರಲ್ಲಿ ಅವರ ಬಳಿ ಚಿಕಿತ್ಸೆ ಪಡೆದರು. ಅಲ್ಲಿ ಕಂಡ ದೃಶ್ಯಗಳನ್ನು ಆಧರಿಸಿದ ಅವರ ಪುಸ್ತಕ ಹೀಬ್ರೂ ಭಾಷೆಯಲ್ಲಿ ಪ್ರಕಟವಾದುದು 1987ರಲ್ಲಿ; 'ಶಿವಿಟ್ಟಿ' ಎಂಬ ಹೆಸರಿನ ಇಂಗ್ಲಿಷ್ ಅನುವಾದ ಬಂದುದು 1989ರಲ್ಲಿ. ಚಿಕಿತ್ಸೆಗೂ ಪುಸ್ತಕಕ್ಕೂ ನಡುವೆ ಹನ್ನೊಂದು ವರ್ಷಗಳ ಅಂತರವಿದೆ. ಯಾವ ಆಸ್ಪತ್ರೆಯ ಕಡತವೂ ಅಷ್ಟು ಕಾಲ ತೆರೆದಿರುವುದಿಲ್ಲ.

ನಿಷೇಧದ ನಡುವೆ ನೆರವು

1966ರ ವೇಳೆಗೆ ಸ್ಯಾಂಡೋಜ್ ಸಂಸ್ಥೆಯು ಎಲ್‌ಎಸ್‌ಡಿ ಪೂರೈಕೆಯಿಂದ ಹಿಂದೆ ಸರಿದಿತ್ತು. ಅಮೆರಿಕದ 1970ರ ನಿಯಂತ್ರಿತ ವಸ್ತುಗಳ ಕಾಯಿದೆ, ವಿಶ್ವಸಂಸ್ಥೆಯ 1971ರ ಮನೋಪ್ರಭಾವಕ ವಸ್ತುಗಳ ಒಪ್ಪಂದಗಳ ಅನಂತರ ಸಂಶೋಧನೆ ಬಹುಮಟ್ಟಿಗೆ ನಿಂತಿತು. ಭಾರತದಲ್ಲಿಯೂ 1985ರ ಮಾದಕದ್ರವ್ಯ ಮತ್ತು ಮನೋಪ್ರಭಾವಕ ವಸ್ತುಗಳ ಕಾಯಿದೆಯ ಅನುಸೂಚಿಯಲ್ಲಿ ಎಲ್‌ಎಸ್‌ಡಿ ಮೊದಲಾದವು ಸೇರಿದವು. ಬಳಕೆ ಮಾತ್ರ ನಿಲ್ಲಲಿಲ್ಲ. ಇದರಿಂದ ವಿಚಿತ್ರ ಸ್ಥಿತಿಯೊಂದು ಉಂಟಾಯಿತು: ಅನುಭವ ಪಡೆದವರು ಬೀದಿಯಲ್ಲಿದ್ದರು, ಅದರ ಬಗೆಗೆ ತಿಳಿದ ವೈದ್ಯರು ಬೇರೆ ಕೆಲಸಗಳಿಗೆ ಹೋಗಿದ್ದರು, ಹೇಳಿಕೊಂಡರೆ ಅಪರಾಧಿಯಾಗುವ ಭಯ ನಡುವೆ ನಿಂತಿತ್ತು.

ಈ ಕಂದಕವನ್ನು ಮೊದಲು ತುಂಬಿದವುಗಳಲ್ಲಿ ಒಂದು, 1967ರ ಜೂನ್‌ನಲ್ಲಿ ಡೇವಿಡ್ ಸ್ಮಿತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆರೆದ ಹೈಟ್-ಆಷ್‌ಬರಿ ಉಚಿತ ಚಿಕಿತ್ಸಾಲಯ. ಗಾಬರಿಗೊಂಡು ಬಂದ ಯುವಕರನ್ನು ಶಾಂತವಾದ ಕೋಣೆಯಲ್ಲಿ ಕೂರಿಸಿ, ಮೆಲುದನಿಯಲ್ಲಿ ಮಾತನಾಡಿಸುತ್ತ, ಭಯ ಇಳಿಯುವವರೆಗೆ ಜೊತೆಗಿರುವುದು ಅಲ್ಲಿ ರೂಢಿಯಾಯಿತು. ಅಪರಾಧವನ್ನು ವಿಚಾರಿಸದೆ ಮನುಷ್ಯನನ್ನು ವಿಚಾರಿಸಿದುದು ಈ ಚಿಕಿತ್ಸಾಲಯದ ಹೆಚ್ಚುಗಾರಿಕೆ.

ದೀರ್ಘಕಾಲದ ಸಮನ್ವಯವನ್ನು ಕುರಿತು ವ್ಯವಸ್ಥಿತವಾಗಿ ಬರೆದವರು ಸ್ತಾನಿಸ್ಲಾವ್ ಗ್ರಾಫ್. ಪ್ರಾಗ್‌ನಲ್ಲಿ ಸಂಶೋಧನೆ ಆರಂಭಿಸಿ 1967ರಲ್ಲಿ ಅಮೆರಿಕಕ್ಕೆ ಹೋದ ಅವರು, 1980ರಲ್ಲಿ ಪ್ರಕಟಿಸಿದ 'ಎಲ್‌ಎಸ್‌ಡಿ ಸೈಕೋಥೆರಪಿ' ಗ್ರಂಥದಲ್ಲಿ ಅನುಭವ ಅಪೂರ್ಣವಾಗಿ ನಿಂತಾಗ ಮುಂದೆ ಏನು ಮಾಡಬೇಕೆಂಬುದನ್ನು ವಿವರವಾಗಿ ಚರ್ಚಿಸಿದರು. ಅದೇ ವರ್ಷ ಅವರ ಪತ್ನಿ ಕ್ರಿಸ್ಟಿನಾ ಗ್ರಾಫ್, ಇಂತಹ ಬಿಕ್ಕಟ್ಟಿನಲ್ಲಿರುವವರನ್ನು ಸೂಕ್ತ ಸಹಾಯಕರೊಡನೆ ಸೇರಿಸುವ ಒಂದು ಜಾಲವನ್ನು ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದರು. ಈ ಪ್ರಯತ್ನಕ್ಕೆ ಕರ್ನಾಟಕದ ದೂರದ ನಂಟೊಂದಿದೆ. ಔಷಧಿಯ ಸಂಬಂಧವಿಲ್ಲದೆಯೇ ತೀವ್ರ ಅನುಭವಗಳಿಗೆ ಒಳಗಾಗಿದ್ದ ಕ್ರಿಸ್ಟಿನಾ, ಅವನ್ನು ಅರಿಯುವ ಭಾಷೆಯನ್ನು ಕಂಡುಕೊಂಡುದು, ಮಂಗಳೂರಿನ ಸಮೀಪ 1908ರಲ್ಲಿ ಜನಿಸಿ ಮಹಾರಾಷ್ಟ್ರದ ಗಣೇಶಪುರಿಯಲ್ಲಿ ನೆಲೆಸಿದ್ದ ಸ್ವಾಮಿ ಮುಕ್ತಾನಂದರ ಕುಂಡಲಿನಿ ಬೋಧೆಯಲ್ಲಿ. ರೋಗವೆಂದು ಹಣೆಪಟ್ಟಿ ಹಚ್ಚುವ ಮುನ್ನ ಆಲಿಸಬೇಕೆಂಬ ತತ್ತ್ವ ಇದರಿಂದ ಬಲ ಪಡೆಯಿತು. ನಿಜವಾದ ಬುದ್ಧಿಭ್ರಮಣೆಯನ್ನೂ ಆಧ್ಯಾತ್ಮಿಕವೆಂದು ತಪ್ಪು ತಿಳಿಯುವ ಅಪಾಯವೂ ಇದರೊಡನೆ ಹುಟ್ಟಿಕೊಂಡಿತು. ಈ ಎರಡನ್ನೂ ಬೇರ್ಪಡಿಸುವುದು ಇಂದಿಗೂ ಸಮನ್ವಯ ಕಾರ್ಯದ ಕಠಿಣ ಭಾಗವಾಗಿದೆ.

ಮರಳಿ ಬಂದ ಸಂಶೋಧನೆ

ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರೊಲಾಂಡ್ ಗ್ರಿಫಿತ್ಸ್ ಮತ್ತು ಸಂಗಡಿಗರು 2006ರಲ್ಲಿ 36 ಸ್ವಯಂಸೇವಕರ ಸಿಲೊಸೈಬಿನ್ ಅಧ್ಯಯನವನ್ನು ಪ್ರಕಟಿಸಿದರು. ಮೊದಲ ಪ್ರಯೋಗಕ್ಕೆ ಮುನ್ನ ಒಟ್ಟು 8 ಗಂಟೆಗಳ ಮಾತುಕತೆ, ಪ್ರತಿ ಪ್ರಯೋಗದ ಅನಂತರ ಮತ್ತೆ ಭೇಟಿಗಳು ಅದರ ಕ್ರಮದಲ್ಲಿ ಸೇರಿದ್ದವು. ಇಷ್ಟು ಸಿದ್ಧತೆಯಿದ್ದರೂ ಸುಮಾರು ಮೂರರಲ್ಲಿ ಒಂದು ಪಾಲು ಜನ ತೀವ್ರ ಭಯವನ್ನು ಅನುಭವಿಸಿದರು. ಎಂಡಿಎಂಎ ಎಂಬ, ಸ್ವಲ್ಪ ಬೇರೆ ವರ್ಗದ ವಸ್ತುವಿನಿಂದ ಆಘಾತೋತ್ತರ ಒತ್ತಡಕ್ಕೆ ನಡೆಸಿದ, 2021ರಲ್ಲಿ ಪ್ರಕಟವಾದ 90 ಜನರ ಪರೀಕ್ಷೆಯಲ್ಲಿ ವಸ್ತುವನ್ನು ಕೊಡುವ ಬೈಠಕ್‌ಗಳು ಮೂರು, ಸಮನ್ವಯದ ಬೈಠಕ್‌ಗಳು ಒಂಬತ್ತು. ಹಿಂದೆ ಪದ್ಧತಿಯೊಳಗೆ ಅಡಗಿದ್ದ ಕಾರ್ಯ ಈಗ ಎಣಿಕೆಗೆ ದೊರೆಯುವ ಹಂತವಾಯಿತು.

ಆದರೆ ಎಣಿಸಬಹುದಾದುದನ್ನು ಕಡಿತಗೊಳಿಸಲೂಬಹುದು. ಔಷಧ ನಿಯಂತ್ರಕರು ಪರೀಕ್ಷಿಸುವುದು ರಾಸಾಯನಿಕವನ್ನು. ಮಾತುಕತೆಯ ಗುಣಮಟ್ಟವನ್ನು ಅಳೆಯುವ ವಿಧಾನ ಅವರಲ್ಲಿ ನೆಲೆಗೊಂಡಿಲ್ಲ. 2024ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಂಡಿಎಂಎ ಚಿಕಿತ್ಸೆಗೆ ಅನುಮೋದನೆ ನಿರಾಕರಿಸಿ ಇನ್ನೊಂದು ಪರೀಕ್ಷೆಯನ್ನು ಕೇಳಿತು. ಅದಕ್ಕೆ ಮುನ್ನ ಸಲಹಾ ಸಮಿತಿಯ ಚರ್ಚೆಯಲ್ಲಿ ಜೊತೆಗಿನ ಮನೋಚಿಕಿತ್ಸೆಯ ಪಾತ್ರವೂ ಪ್ರಶ್ನೆಗೊಳಗಾಗಿತ್ತು. ಆರೆಗಾನ್ ರಾಜ್ಯದಲ್ಲಿ 2020ರ ಮತದಾನದ ಮೂಲಕ ಒಪ್ಪಿತವಾಗಿ 2023ರಲ್ಲಿ ಆರಂಭವಾದ ಸಿಲೊಸೈಬಿನ್ ಸೇವೆಯಲ್ಲಿ ಸಿದ್ಧತೆಯ ಬೈಠಕ್ ಕಡ್ಡಾಯ, ಅನಂತರದ ಸಮನ್ವಯದ ಬೈಠಕ್ ಐಚ್ಛಿಕ. ಸೇವಿಸುವ ದಿನದ ವೆಚ್ಚವನ್ನು ಭರಿಸಿದವನಿಗೆ ಮೊದಲು ಕೈಬಿಡಲು ಸಾಧ್ಯವಾಗುವುದು ಮರುದಿನವನ್ನೇ.

ಇದರ ಅಗತ್ಯವನ್ನು ತೋರಿಸುವ ಆಧಾರಗಳು ಈಗ ದೊರೆಯುತ್ತಿವೆ. ಅನುಭವದ ಅನಂತರ ದೀರ್ಘಕಾಲ ತೊಂದರೆಗೊಳಗಾದ 608 ಮಂದಿಯನ್ನು ವಿಚಾರಿಸಿದ, 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು ಮೂರನೆಯ ಒಂದು ಭಾಗದವರ ತೊಂದರೆಗಳು ಒಂದು ವರ್ಷವನ್ನು ಮೀರಿದ್ದವು. ಇವರು ತೊಂದರೆಯಾದವರೆಂದೇ ಆರಿಸಲ್ಪಟ್ಟವರು. ಆದ್ದರಿಂದ ಸೇವಿಸಿದವರೆಲ್ಲರಲ್ಲಿ ಇದರ ಪ್ರಮಾಣ ಎಷ್ಟೆಂದು ಈ ಅಧ್ಯಯನದಿಂದ ಹೇಳಲು ಬರುವುದಿಲ್ಲ. ಆದರೆ ಕೋಹೆನ್ ಅವರ ಜರಡಿಯಿಂದ 1960ರಲ್ಲಿ ಜಾರಿಹೋದವರ ಧ್ವನಿ ಇಲ್ಲಿ ಕೇಳುತ್ತದೆ. ಅಂದು ಸಂಶೋಧಕರನ್ನು ಕೇಳಲಾಗಿತ್ತು. ಇಂದು ಅನುಭವಿಸಿದವರನ್ನೇ ಕೇಳಲಾಗಿದೆ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದನೆಯದಾಗಿ, ಸಮನ್ವಯವೆಂಬುದು ಹೊಸ ಆವಿಷ್ಕಾರವಲ್ಲ. ಸಮುದಾಯ, ಶುಶ್ರೂಷೆ, ದೀರ್ಘ ಮನೋಚಿಕಿತ್ಸೆಗಳು ಅದನ್ನು ಹೆಸರಿಲ್ಲದೆ ನಿರ್ವಹಿಸಿದ್ದವು, ಅವು ಕಳಚಿಕೊಂಡಾಗ ಅದಕ್ಕೆ ಹೆಸರಿಡಬೇಕಾಯಿತು. ಎರಡನೆಯದಾಗಿ, ಕಾನೂನಿನ ಭಯವಾಗಲಿ ಹಣದ ಲೆಕ್ಕವಾಗಲಿ ನಡುವೆ ಬಂದಾಗಲೆಲ್ಲ ಮೊದಲು ಕುಗ್ಗಿದುದು ಈ ನೆರವೇ. ಮೂರನೆಯದಾಗಿ, ಚರಿತ್ರಕಾರನ ಆಕರಗಳೂ ಇದೇ ಕೊರತೆಯನ್ನು ಹೊತ್ತಿವೆ. ವಸ್ತುವಿನ ಪ್ರಮಾಣ ಮೈಕ್ರೊಗ್ರಾಂಗಳಲ್ಲಿ ದಾಖಲಾಗಿದೆ, ರೋಗಿಯ ಮುಂದಿನ ವರ್ಷಗಳು ದಾಖಲಾಗಿಲ್ಲ.

ಈ ಕಾರಣದಿಂದ ಈ ಕ್ಷೇತ್ರದ ಚರಿತ್ರೆಯನ್ನು ಬರೆಯುವವರು ಪ್ರಕಟಿತ ವರದಿಗಳ ಆಚೆಗೆ ಹೋಗುವುದು ಅನಿವಾರ್ಯ. ನ್ಯಾಯಾಲಯದ ಕಡತಗಳು, ಶುಶ್ರೂಷಕಿಯರ ಬರೆಹಗಳು, ಬದುಕಿರುವವರ ಮೌಖಿಕ ಸಾಕ್ಷ್ಯಗಳು ಇಲ್ಲಿ ಮುಖ್ಯ ಆಕರಗಳಾಗುತ್ತವೆ. ಪೋವಿಕ್‌ನ ರೋಗಿಗಳ ಮಾತು ಹೊರಬಂದುದು ವಕೀಲರ ಮೂಲಕ. ಮಾರ್ಷ್ ಚಾಪೆಲ್‌ನ ವಿದ್ಯಾರ್ಥಿಯ ಸಂಗತಿ ಹೊರಬಂದುದು ಒಬ್ಬ ಸಂಶೋಧಕ ದಶಕಗಳ ಬಳಿಕ ಬಾಗಿಲು ತಟ್ಟಿದುದರಿಂದ. ಅವರಿಗೆ ಬೇಕಾಗಿದ್ದುದು ಆ ಮರುದಿನವೇ ಕೇಳುವ ಒಬ್ಬರು. ಚಿಕಿತ್ಸಕನಿಗಿರುವ ಈ ಹೊಣೆ, ತಡವಾಗಿಯಾದರೂ, ಚರಿತ್ರಕಾರನಿಗೂ ಇದೆ.